ವಾರದ ರಜೆಯೋ, ವಾರದ ಬಿಡುವೋ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಸಣ್ಣ ಹೆಸರಿನ ಮುಂದೆ ಹತ್ತು ದಿನಗಳಿಂದ ಕುಳಿತಿದ್ದೇನೆ. ಪೀಣ್ಯದ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗಾಗಿ ಎಂಟು ಪುಟದ ಕೈಪಿಡಿಯೊಂದು ಅಚ್ಚಾಗಬೇಕಿದೆ. ಅದನ್ನು ಕನ್ನಡ ಮಾಡಿ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೂಲಿ, ಭವಿಷ್ಯನಿಧಿ, ಹೆರಿಗೆ ರಜೆಗಳ ಪುಟಗಳು ಹೇಗೋ ದಡ ಸೇರಿದವು. ನಾಲ್ಕನೆಯ ಪುಟದಲ್ಲಿ ಸಿಕ್ಕಿಬಿದ್ದೆ. ಅಲ್ಲಿರುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 14ನೆಯ ಒಡಂಬಡಿಕೆ. 1921ರಲ್ಲಿ ಜಿನೀವಾದಲ್ಲಿ ಒಪ್ಪಿತವಾದದ್ದು, 1923ರಷ್ಟು ಹಿಂದೆಯೇ ಭಾರತ ಅನುಮೋದಿಸಿದ್ದು. ಇಂಗ್ಲಿಷಿನಲ್ಲಿ ಅದರ ವಿಷಯ ‘ವೀಕ್ಲಿ ರೆಸ್ಟ್’. ಇದಕ್ಕೆ ಕನ್ನಡವೇನು?

(ಇಂಗ್ಲಿಷಿನ ‘ಕನ್ವೆನ್ಷನ್’ಗೆ ಒಡಂಬಡಿಕೆ, ಸಮಾವೇಶ ಎರಡೂ ಅರ್ಥವಿದೆ. ನನ್ನ ಕೈಗೆ ಬಂದ ಮೊದಲ ಕರಡಿನಲ್ಲಿ ಯಾರೋ ‘14ನೆಯ ಸಮಾವೇಶ’ ಎಂದು ಬರೆದಿದ್ದರು. ಓದಿದವರು ಜಿನೀವಾದಲ್ಲಿ ಹದಿನಾಲ್ಕು ಸಲ ಶಾಮಿಯಾನ ಹಾಕಿದ್ದರು ಎಂದುಕೊಳ್ಳಬೇಕು. ಅದನ್ನು ‘ಒಡಂಬಡಿಕೆ’ ಎಂದು ತಿದ್ದಿದೆ. ಅದರ ಬಗ್ಗೆ ತಕರಾರಿಲ್ಲ.)

ಆ ಒಡಂಬಡಿಕೆಯ ಎರಡನೆಯ ಅನುಚ್ಛೇದವೇ ಅದರ ಜೀವ. ಕಾರ್ಖಾನೆ ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಅಲ್ಲಿ ದುಡಿಯುವ ಎಲ್ಲರಿಗೂ ಏಳು ದಿನಗಳ ಪ್ರತಿಯೊಂದು ಅವಧಿಯಲ್ಲಿ ಒಟ್ಟಿಗೆ ಕಡಿಮೆಯೆಂದರೆ 24 ಗಂಟೆಗಳ ‘ರೆಸ್ಟ್’ ಇರಬೇಕು ಎಂಬುದು ಅದರ ತಿರುಳು. ನಾನು ಮೊದಲು ಬರೆದದ್ದು ಹೀಗಿತ್ತು: ‘ಎಲ್ಲ ಕಾರ್ಮಿಕರೂ ವಾರದ ವಿಶ್ರಾಂತಿಯನ್ನು ಅನುಭವಿಸತಕ್ಕದ್ದು.’ ನೋಡುವುದಕ್ಕೆ ಘನವಾಗಿಯೇ ಇತ್ತು. ಒಂದು ಭಾನುವಾರ ಸಂಜೆ ಅದನ್ನು ನಾಲ್ಕೈದು ಜನ ಟೈಲರ್ ಹೆಣ್ಣುಮಕ್ಕಳ ಮುಂದೆ ಗಟ್ಟಿಯಾಗಿ ಓದಿದೆ. ಹತ್ತು ಅಡಿಗೆ ಹತ್ತು ಅಡಿಯ ಕೋಣೆ, ನಡುವೆ ಹರಡಿದ ಪೇಪರಿನ ಮೇಲೆ ಅವರೆಕಾಯಿಯ ರಾಶಿ. ಸುಲಿಯುತ್ತಿದ್ದವರಲ್ಲಿ ಒಬ್ಬಾಕೆ ತಲೆ ಎತ್ತದೆಯೇ ಕೇಳಿದಳು: “ಅನುಭವಿಸುವುದಕ್ಕೆ ನಾವೇನು ಪಾಪ ಮಾಡಿದ್ದೇವೆ ಅಣ್ಣಾ?”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಇನ್ನೊಬ್ಬಾಕೆ, “ವಿಶ್ರಾಂತಿ ಎಂದರೆ ಹುಷಾರಿಲ್ಲದಿದ್ದಾಗ ಕೊಡುವುದಲ್ಲವೇ?” ಎಂದಳು. ಬಾಗಿಲಿಗೆ ಒರಗಿ ನಿಂತಿದ್ದ ವಯಸ್ಸಾದ ಹೆಂಗಸು, “ಭಾನುವಾರ ರಜೆ ಇದ್ದೇ ಇದೆಯಲ್ಲಪ್ಪ, ಶಿಪ್‌ಮೆಂಟ್ ಇಲ್ಲದಿದ್ದರೆ” ಎಂದು ಮಾತು ಮುಗಿಸಿದರು. ನನ್ನ ವಾಕ್ಯದಲ್ಲಿದ್ದ ನಾಮಪದವೂ ಕ್ರಿಯಾಪದವೂ ಐದು ನಿಮಿಷದಲ್ಲಿ ನೆಲಕಚ್ಚಿದವು.

ಕ್ರಿಯಾಪದದ ವಿಚಾರ ಬೇಗ ಮುಗಿಯುತ್ತದೆ. ಮೂಲದಲ್ಲಿ ‘ಎಂಜಾಯ್’ ಎಂದಿದೆ. ಕಾನೂನಿನ ಇಂಗ್ಲಿಷಿನಲ್ಲಿ ಅದು ಸುಖಪಡುವುದಲ್ಲ, ಹಕ್ಕಾಗಿ ಹೊಂದಿರುವುದು. ನಮ್ಮ ‘ಅನುಭವಿಸು’ ಎರಡು ಬಾಯಿಯ ಕತ್ತಿ. ಸುಖವನ್ನೂ ಅನುಭವಿಸುತ್ತೇವೆ, ‘ಮಾಡಿದ್ದನ್ನು ಅನುಭವಿಸು’ ಎಂದು ಶಾಪವನ್ನೂ ಹಾಕುತ್ತೇವೆ. ಏನನ್ನು ಎಂಬ ಕರ್ಮಪದವನ್ನು ಹೇಳದೆ ಬಿಟ್ಟರೆ ಕನ್ನಡದ ಕಿವಿ ಹೊರಳುವುದು ಕಷ್ಟದ ಕಡೆಗೇ. ಪಹಣಿಯ ಭಾಷೆಯ ‘ಅನುಭೋಗ’ವನ್ನು ತರಬಹುದಿತ್ತು. ಆದರೆ ಜಮೀನನ್ನು ಅನುಭೋಗಿಸುವವರು ಭಾನುವಾರವನ್ನು ಅನುಭೋಗಿಸುವುದು ನನಗಂತೂ ಒಗ್ಗಲಿಲ್ಲ. ‘ಇರಬೇಕು’ ಎಂಬ ಸಾದಾ ಕ್ರಿಯಾಪದವೇ ಸಾಕು ಎನ್ನಿಸಿದೆ: ಕಾರ್ಮಿಕರಿಗೆ ಇಷ್ಟು ಹೊತ್ತು ಇಂಥದ್ದು ಇರಬೇಕು. ‘ಕೊಡಬೇಕು’ ಎಂದರೆ ಕೊಡುವ ಕೈ ಕಾಣಿಸುತ್ತದೆ, ‘ಪಡೆಯಬೇಕು’ ಎಂದರೆ ಪಡೆಯದೆ ಹೋದದ್ದು ಕಾರ್ಮಿಕರದೇ ತಪ್ಪು ಎಂಬ ಧ್ವನಿ ಬರುತ್ತದೆ.

ನಿಜವಾದ ಪೇಚಾಟ ನಾಮಪದದ್ದು.

‘ರಜೆ ಎಂದು ಬರೆದುಬಿಡಿ, ಊರಿಗೆಲ್ಲ ಗೊತ್ತಿರುವ ಮಾತು’ ಎನ್ನುವವರು ನಿಮ್ಮಲ್ಲೇ ಅರ್ಧ ಜನ ಇರುತ್ತೀರಿ. ನಾನೂ ಅಲ್ಲೇ ಇದ್ದೆ. ಆದರೆ ಈ ರಜೆ ಎಂಬ ಶಬ್ದದ ಹುಟ್ಟನ್ನು ನೋಡಿ. ಅರಬ್ಬಿಯ ಒಂದು ಧಾತು, ಅದರ ಅರ್ಥ ಒಪ್ಪಿಗೆ, ಸಮ್ಮತಿ. ಪಾರಸಿ, ಹಿಂದೂಸ್ತಾನಿ, ಮರಾಠಿಗಳ ದಾರಿಯಲ್ಲಿ ‘ರಜಾ’ ಎಂದಾಗಿ ಕನ್ನಡಕ್ಕೆ ಇಳಿಯಿತು. ರಜೆ, ರಾಜಿ, ರಾಜೀನಾಮೆ ಮೂರೂ ಒಂದೇ ಬಳ್ಳಿಯ ಕಾಯಿಗಳು. (ರಜೆ ಸಿಗದೆ, ರಾಜಿಯೂ ಆಗದೆ, ಕೊನೆಗೆ ರಾಜೀನಾಮೆ ಕೊಟ್ಟವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ.) ಹುಟ್ಟಿನಿಂದಲೇ ಅದು ಅಪ್ಪಣೆ. ಮೇಲಿರುವವನು ಒಪ್ಪಿದರೆ ಕೆಳಗಿರುವವನು ಹೊರಡಬಹುದು.

ಹುಟ್ಟು ಏನಾದರೇನು, ಬಳಕೆ ಮುಖ್ಯ ಎನ್ನುತ್ತೀರಿ. ಸರಿ, ಬಳಕೆಯನ್ನೇ ಹಿಡಿಯೋಣ. ರಜೆಯ ಜೊತೆ ನಾವು ಯಾವ ಯಾವ ಕ್ರಿಯಾಪದ ಕಟ್ಟುತ್ತೇವೆ? ರಜೆ ಕೇಳುತ್ತೇವೆ. ರಜೆ ಹಾಕುತ್ತೇವೆ, ಅಂದರೆ ಅರ್ಜಿ ಹಾಕುತ್ತೇವೆ. ಸಾಹೇಬರು ರಜೆ ಕೊಡುತ್ತಾರೆ ಅಥವಾ ಕೊಡುವುದಿಲ್ಲ. ಅದೃಷ್ಟವಿದ್ದರೆ ರಜೆ ಸಿಗುತ್ತದೆ. ಹೇಳದೆ ಕೇಳದೆ ಬಾರದಿದ್ದರೆ ‘ಅವನು ರಜೆ ಮಾಡಿದ’ ಎನ್ನುತ್ತಾರೆ, ಆಗ ಅದು ತಪ್ಪು. ‘ಇವತ್ತು ರಜೆ ಇದೆ’ ಎಂಬ ಒಂದು ಪ್ರಯೋಗದಲ್ಲಿ ಮಾತ್ರ ರಜೆ ತನ್ನಷ್ಟಕ್ಕೆ ನಿಲ್ಲುತ್ತದೆ. ಬಾಗಿಲಿಗೆ ಒರಗಿದ್ದ ಹೆಂಗಸು ಬಳಸಿದ್ದು ಅದನ್ನೇ, ಅದರ ಬಾಲಕ್ಕೂ ‘ಶಿಪ್‌ಮೆಂಟ್ ಇಲ್ಲದಿದ್ದರೆ’ ಎಂಬುದು ಅಂಟಿಕೊಂಡಿತ್ತು.

ಇನ್ನೊಂದು ತೊಡಕು. ಕನ್ನಡದ ರಜೆ ಬಹಳ ಅಗಲವಾದ ಚೀಲ. ದಸರಾ ರಜೆ, ಹೆರಿಗೆ ರಜೆ, ಸಾಂದರ್ಭಿಕ ರಜೆ, ಗಳಿಕೆ ರಜೆ ಎಲ್ಲವೂ ಅದರೊಳಗೇ. ಗಳಿಕೆ ರಜೆಗೆ ಲೆಕ್ಕವಿದೆ, ಖಾತೆಯಿದೆ, ಉಳಿಸಿದರೆ ಹಣವೂ ಆಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರು ಈ ಬಗೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ವರ್ಷದ ಸಂಬಳಸಹಿತ ರಜೆಗೆ ಬೇರೆಯದೇ ಒಡಂಬಡಿಕೆಯಿದೆ, 1970ರದ್ದು, 132ನೆಯದು. ವಾರದ ‘ರೆಸ್ಟ್’ ಗಳಿಸುವಂಥದ್ದಲ್ಲ, ಕೂಡಿಡುವಂಥದ್ದೂ ಅಲ್ಲ. ಅದನ್ನೂ ಇದನ್ನೂ ಒಂದೇ ಪದದಲ್ಲಿ ಹೇಳಿದರೆ, ಕಚೇರಿಯ ಕಿಟಕಿಯಾಚೆ ಕುಳಿತವನು ‘ನಿನ್ನ ಖಾತೆಯಲ್ಲಿ ಎಷ್ಟು ಉಳಿದಿದೆ?’ ಎಂದು ಕೇಳುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

‘ವಾರದ ರಜೆ’ ಎಂಬ ಜೋಡಿಪದಕ್ಕಂತೂ ಅದರದೇ ಗೊಂದಲವಿದೆ. ‘ವಾರದ ರಜೆ ಹಾಕಿ ಊರಿಗೆ ಹೋಗಿದ್ದಾನೆ’ ಎಂದರೆ ಏಳು ದಿನ ಆಸಾಮಿ ಕಾಣುವುದಿಲ್ಲ. ‘ವಾರದ ರಜೆಯಲ್ಲಿದ್ದಾನೆ’ ಎಂದರೆ ನಾಳೆ ಬೆಳಿಗ್ಗೆ ಬರುತ್ತಾನೆ. ‘ವಾರ’ವೇ ಹಾಗೆ, ಸಂಸ್ಕೃತದಲ್ಲಿ ಅದು ಸರದಿ. ಒಂದೊಂದು ದಿನ ಒಂದೊಂದು ಗ್ರಹದ ಸರದಿಯಾದ್ದರಿಂದ ದಿನವೂ ವಾರ, ಏಳು ದಿನಗಳ ಕಟ್ಟೂ ವಾರ. ‘ಇವತ್ತು ಯಾವ ವಾರ?’ ಎಂದೂ ಕೇಳುತ್ತೇವೆ, ‘ಎಷ್ಟು ವಾರ ಆಯಿತು?’ ಎಂದೂ ಕೇಳುತ್ತೇವೆ. ಪುತ್ತೂರು, ಕುಂಬಳೆ ಸೀಮೆಯ ಹವ್ಯಕರ ಮಾತಿನಲ್ಲಿ ‘ರಜ’ ಎಂದರೆ ಸ್ವಲ್ಪ. ಅದಕ್ಕೂ ಈ ರಜೆಗೂ ನೆಂಟಸ್ತಿಕೆ ಇಲ್ಲವೆಂದು ಗೊತ್ತಿದ್ದೂ, ಕೆಲವು ಕಾರ್ಖಾನೆಗಳ ವಾರದ ರಜೆಯನ್ನು ಕಂಡಾಗ ನನಗೆ ಆ ‘ರಜ’ವೇ ನೆನಪಾಗುತ್ತದೆ.

ವಿಶ್ರಾಂತಿಗೆ ಬರೋಣ. ಶ್ರಮ, ಶ್ರಮಿಕ, ಶ್ರಾಂತ, ವಿಶ್ರಾಂತ ಎಲ್ಲವೂ ಒಂದೇ ಧಾತುವಿನ ಮಕ್ಕಳು. ಶ್ರಮಿಕನಿಗೆ ವಿಶ್ರಾಂತಿ ಎನ್ನುವಾಗ ವ್ಯಾಕರಣವೇ ಕಾರ್ಮಿಕರ ಪರವಾಗಿ ಸಾಕ್ಷಿ ಹೇಳಿದಂತಾಗುತ್ತದೆ. ನಿಘಂಟಿನ ಲೆಕ್ಕದಲ್ಲಿ ಇದಕ್ಕಿಂತ ಹೊಂದುವ ಪದವಿಲ್ಲ. ಆದರೆ ಜನರ ಬಾಯಲ್ಲಿ ವಿಶ್ರಾಂತಿ ಡಾಕ್ಟರ ಚೀಟಿಯ ಮಾತಾಗಿದೆ. ನಾಯಕರು ವಿಶ್ರಾಂತಿಯಲ್ಲಿದ್ದಾರೆ ಎಂಬ ಸುದ್ದಿ ಬಂದರೆ ನಾವು ಮೊದಲು ಊಹಿಸುವುದು ಆಸ್ಪತ್ರೆಯನ್ನು. ವಿಶ್ವವಿದ್ಯಾಲಯಗಳಲ್ಲಿ ‘ವಿಶ್ರಾಂತ ಕುಲಪತಿ’ಗಳಿದ್ದಾರೆ, ಅದು ನಿವೃತ್ತಿ. ಕಾಯಿಲೆ ಬಿದ್ದಾಗ, ಇಲ್ಲವೇ ಅರವತ್ತು ದಾಟಿದ ಮೇಲೆ ಸಲ್ಲುವಂಥದ್ದು ಎಂಬ ಭಾವ ಅದಕ್ಕೆ ಹತ್ತಿಬಿಟ್ಟಿದೆ.

ಅದಕ್ಕಿಂತ ದೊಡ್ಡ ತಕರಾರು ಅರ್ಥದ್ದೇ. ಆ ಕೋಣೆಯ ಹೆಣ್ಣುಮಕ್ಕಳು ಭಾನುವಾರ ವಿಶ್ರಾಂತಿ ಪಡೆಯುವುದಿಲ್ಲ. ವಾರದ ಬಟ್ಟೆ ಒಗೆಯುತ್ತಾರೆ, ನೀರು ಹಿಡಿಯುತ್ತಾರೆ, ಸೊಸೈಟಿಯ ಅಕ್ಕಿಗೆ ಸಾಲು ನಿಲ್ಲುತ್ತಾರೆ, ಮಗುವಿನ ತಲೆಗೆ ಎರೆಯುತ್ತಾರೆ. ಒಡಂಬಡಿಕೆ ಅವರಿಗೆ ಮಲಗಿ ಎಂದು ಹೇಳುವುದಿಲ್ಲ. ಅವರ ಹೊತ್ತು ಅವರದ್ದು ಎಂದು ಹೇಳುತ್ತದೆ, ಅಷ್ಟೇ. ಮನೆಗೆಲಸದವರ ಕುರಿತ 2011ರ 189ನೆಯ ಒಡಂಬಡಿಕೆಯಲ್ಲಿ ಇದು ಇನ್ನೂ ಬಿಚ್ಚಿ ಬರುತ್ತದೆ. ವಾರದಲ್ಲಿ ಒಟ್ಟಿಗೆ 24 ಗಂಟೆ ಎಂಬುದು ಅಲ್ಲೂ ಇದೆ. ಅದರ ಬೆನ್ನಿಗೇ, ಕೆಲಸದಾಕೆ ತನ್ನ ಹೊತ್ತನ್ನು ತನಗೆ ಬೇಕಾದಂತೆ ಕಳೆಯಲಾಗದೆ ಮನೆಯವರು ಕರೆದಾಗ ಬರಲು ಸಿದ್ಧಳಾಗಿರಬೇಕಾದ ಅವಧಿಯನ್ನು ದುಡಿಮೆಯ ಅವಧಿಯೆಂದೇ ಎಣಿಸಬೇಕು, ಎಷ್ಟರ ಮಟ್ಟಿಗೆ ಎಂಬುದನ್ನು ಆಯಾ ದೇಶದ ಕಾನೂನು ತೀರ್ಮಾನಿಸಲಿ ಎಂಬ ಮಾತಿದೆ. ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿರುವುದು ವಿಶ್ರಾಂತಿಯಂತೆ ಕಾಣಬಹುದು, ಬಿಡುವಲ್ಲ.

ನೋಡಿ, ಆ ಪದ ತಾನಾಗಿ ಬಂತು. ಬಿಡುವು.

‘ಬಿಡು’ ಎಂಬ ನಮ್ಮ ಧಾತು ಎಷ್ಟು ಸಂಸಾರವಂದಿಗ! ಬಿಡುಗಡೆ, ಬೀಡು, ಬಿಡುವು. ಶಾಲೆ ಬಿಟ್ಟಿತು ಎನ್ನುತ್ತೇವೆ, ಮಿಲ್ಲು ಬಿಟ್ಟಿತು ಎನ್ನುತ್ತೇವೆ. ಮಕ್ಕಳು ಶಾಲೆಯನ್ನು ಬಿಟ್ಟರು ಎಂದರೆ ಓದು ನಿಂತಿತು ಎಂದಾಯಿತು. ಶಾಲೆಯೇ ಮಕ್ಕಳನ್ನು ಬಿಟ್ಟರೆ ಅದು ಸಂಜೆ ನಾಲ್ಕೂವರೆಯ ಗಂಟೆ. ಹಿಡಿದುಕೊಂಡಿದ್ದ ಕೈ ಸಡಿಲವಾಯಿತು ಎಂಬುದೇ ಆ ವಾಕ್ಯದ ಚೆಲುವು. ಮಳೆಯೂ ಬಿಡುವು ಕೊಡುತ್ತದೆ, ಯಾರೂ ಅರ್ಜಿ ಹಾಕದೆ.

ಧಾರವಾಡದ ಕಡೆಯವರ ‘ಸೂಟಿ’ಯನ್ನು ಇಲ್ಲಿ ನೆನೆಯಲೇಬೇಕು. ಅದು ಮರಾಠಿಯ ‘ಸುಟ್ಟೀ’. ‘ಸುಟಣೆ’ ಎಂದರೆ ಕಳಚಿಕೊಳ್ಳುವುದು, ಬಿಡುಗಡೆಯಾಗುವುದು. ನಮ್ಮ ಬಿಡುವಿಗೂ ಅವರ ಸೂಟಿಗೂ ಧಾತು ಬೇರೆ, ಮನಸ್ಸು ಒಂದೇ. ಹೀಗಾಗಿ ರಜೆ ಎನ್ನುವ ದಕ್ಷಿಣದವರಿಗಿಂತ ಸೂಟಿ ಎನ್ನುವ ಉತ್ತರದವರೇ ಒಡಂಬಡಿಕೆಗೆ ಹತ್ತಿರದಲ್ಲಿದ್ದಾರೆ ಎಂದು ನನ್ನ ಅನುಮಾನ. ಆದರೆ ಪೀಣ್ಯದ ಕೈಪಿಡಿಯಲ್ಲಿ ಸೂಟಿ ಎಂದು ಬರೆದರೆ ಅರ್ಧ ಜನ ಹೊಲಿಯುವ ಸೂಟು ಎಂದುಕೊಂಡಾರು.

ಮುಂಬಯಿಯ ಗಿರಣಿ ಕೆಲಸಗಾರರು ಭಾನುವಾರದ ಸುಟ್ಟಿಗಾಗಿ ಹೋರಾಡಿದ ಕಥೆಯಲ್ಲಿ ಕನ್ನಡದವರಿಗೆ ಒಂದು ಕೊಂಡಿಯಿದೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರಾದ ನಾರಾಯಣ ಮೇಘಾಜಿ ಲೋಖಂಡೆ 1880ರ ದಶಕದಿಂದ ಇದನ್ನು ಕೇಳುತ್ತಾ ಬಂದು, 1890ರ ಜೂನ್‌ನಲ್ಲಿ ಗಿರಣಿ ಮಾಲೀಕರನ್ನು ಒಪ್ಪಿಸಿದರು. ಭಾನುವಾರ ದೊರೆಗಳಿಗೆ ಇಗರ್ಜಿಯ ದಿನ, ಗಿರಣಿಯವರಿಗೆ ಅದು ಖಂಡೋಬನ ವಾರ. ಆ ಖಂಡೋಬ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ಭಾನುವಾರ ಬಿಳಿಯರ ಜೊತೆ ಹಡಗಿನಲ್ಲಿ ಬಂದಿಳಿಯಿತು ಎಂದು ಸುಮ್ಮನೆ ಹೇಳುವವರಿಗೆ ಏಳುಕೋಟಿಯ ಒಕ್ಕಲಿನವರು ಉತ್ತರ ಕೊಡಬಹುದು.

ಒಡಂಬಡಿಕೆಯೂ ಭಾನುವಾರಕ್ಕೆ ಜೋತುಬಿದ್ದಿಲ್ಲ. ಕಾರ್ಮಿಕ ಸಂಘಟನೆಯನ್ನೇ ಹುಟ್ಟುಹಾಕಿದ 1919ರ ವರ್ಸೇಲ್ಸ್ ಒಪ್ಪಂದದಲ್ಲಿ, ಸಾಧ್ಯವಿದ್ದಲ್ಲಿ ಈ ಬಿಡುವು ಭಾನುವಾರವನ್ನು ಒಳಗೊಳ್ಳಲಿ ಎಂದಿತ್ತು. ಎರಡೇ ವರ್ಷಕ್ಕೆ ಜಿನೀವಾದ ಪಠ್ಯ ಆ ಹೆಸರನ್ನು ಬಿಟ್ಟು, ಆಯಾ ನಾಡಿನ ಅಥವಾ ಸೀಮೆಯ ರೂಢಿಯ ದಿನಕ್ಕೆ ಆದಷ್ಟು ಹೊಂದಿಸಿ ಎಂದಿತು. ಅಂಗಡಿ, ಕಚೇರಿಗಳಿಗೆಂದು 1957ರಲ್ಲಿ ಬಂದ 106ನೆಯ ಒಡಂಬಡಿಕೆ ಧಾರ್ಮಿಕ ಅಲ್ಪಸಂಖ್ಯಾತರ ರೂಢಿಯನ್ನೂ ಆದಷ್ಟು ಗೌರವಿಸಿ ಎಂದು ಸೇರಿಸಿತು. ರೂಢಿಯ ದಿನಕ್ಕೆ ನಮ್ಮಲ್ಲೇನು ಬರವೇ? ಕ್ಷೌರದಂಗಡಿಗೆ ಮಂಗಳವಾರ. ಕಾಫಿ ತೋಟಗಳ ಕಡೆ ಬಟವಾಡೆ ಹಿಡಿದು ಸಂತೆಗೆ ಹೋಗುವ ದಿನವೇ ಬಿಡುವಿನ ದಿನ. ಕೊಡಗಿನಲ್ಲಿ ಶನಿವಾರಸಂತೆ ಎಂಬ ಊರೇ ಇದೆ.

ಎತ್ತುಗಳಿಗಂತೂ ಜಿನೀವಾಕ್ಕಿಂತ ಮೊದಲೇ ಸಿಕ್ಕಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ವಾರ, ಗಳೆ ಹೂಡುವುದಿಲ್ಲ. ನನ್ನ ಅಜ್ಜ ಸೋಮವಾರ ಬೆಳಿಗ್ಗೆ ಎತ್ತುಗಳ ಮೈ ತೊಳೆದು, ಕೊರಳಿನ ಹಗ್ಗ ಬಿಚ್ಚಿ, ನೊಗ ಉಜ್ಜಿ ಗಟ್ಟಿಯಾದ ಹೆಗಲಿನ ಜಾಗಕ್ಕೆ ಎಣ್ಣೆ ಹಚ್ಚುತ್ತಿದ್ದ. ಎಷ್ಟು ಹದ ಮಳೆಯಾಗಿದ್ದರೂ, ಪಕ್ಕದ ಹೊಲದಲ್ಲಿ ಬಿತ್ತನೆ ಶುರುವಾಗಿದ್ದರೂ ಆ ದಿನ ನೊಗ ಮುಟ್ಟುತ್ತಿರಲಿಲ್ಲ. ‘ಎತ್ತು ಬಿಟ್ಟಿದ್ದೇನೆ’ ಎನ್ನುತ್ತಿದ್ದ. ಎತ್ತಿಗೆ ರಜೆ ಕೊಟ್ಟಿದ್ದೇನೆ ಎಂದು ಅವನ ಬಾಯಿಂದ ಒಮ್ಮೆಯೂ ಕೇಳಿಲ್ಲ. ಎತ್ತಿನ ಜೊತೆಗಿದ್ದ ಜೀತದಾಳು ಮಾತ್ರ ಸೋಮವಾರವೂ ಕಣದಲ್ಲಿ ಏನಾದರೂ ಮಾಡುತ್ತಲೇ ಇರುತ್ತಿದ್ದ ಎಂಬುದು ಇದನ್ನು ಬರೆಯುವಾಗ ನೆನಪಾಗಿ ಕೈ ನಿಂತಿತು.

ಆದ್ದರಿಂದ ‘ವಾರದ ಬಿಡುವು’ ಎಂದು ಬರೆಯುವ ಮನಸ್ಸಾಗಿದೆ. ತಕ್ಷಣ ಎದ್ದ ತೊಡಕು: ಒಡಂಬಡಿಕೆ ‘ಒಟ್ಟಿಗೆ’, ‘ನಡುವೆ ಮುರಿಯದೆ’ 24 ಗಂಟೆ ಎನ್ನುತ್ತದೆ. ಅದಕ್ಕೆ ‘ಎಡೆಬಿಡದ’ ಎಂದು ಬರೆದೆ. ‘ಎಡೆಬಿಡದ ಬಿಡುವು’! ಓದಿ ನನಗೇ ನಗು ಬಂತು. ‘ಸತತ’ ಎಂದರೆ ಮಳೆಯೋ ಪರಿಶ್ರಮವೋ ಮುಂದೆ ಬರಬೇಕು. ‘ನಿರಂತರ’ವನ್ನು ವಿದ್ಯುತ್ ಕಂಪನಿಯವರು ವಹಿಸಿಕೊಂಡಿದ್ದಾರೆ. ಸದ್ಯಕ್ಕೆ ‘ಒಟ್ಟಿಗೆ 24 ಗಂಟೆ, ನಡುವೆ ಕೆಲಸಕ್ಕೆ ಕರೆಯದೆ’ ಎಂದು ಬಿಡಿಸಿ ಬರೆದಿದ್ದೇನೆ.

‘ಒಂದು ದಿನ’ ಎಂದು ಸುಲಭ ಮಾಡಿಬಿಡಬಹುದಲ್ಲ ಎಂದರೆ, ಅಲ್ಲೇ ಮೋಸವಿದೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ. 1948ರ ಕಾರ್ಖಾನೆ ಕಾಯ್ದೆಯ ದಿನ ನಡುರಾತ್ರಿ ಹುಟ್ಟುತ್ತಿತ್ತು. ರಾತ್ರಿ ಪಾಳಿಯವನ ದಿನ ಯಾವಾಗ ಹುಟ್ಟುತ್ತದೆ? ಶನಿವಾರ ರಾತ್ರಿ ಹತ್ತಕ್ಕೆ ಒಳಗೆ ಹೋದವನು ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಗೆ ಬರುತ್ತಾನೆ. ‘ಭಾನುವಾರ ಹಗಲೆಲ್ಲಾ ಮನೆಯಲ್ಲೇ ಇದ್ದೆಯಲ್ಲ’ ಎಂದು ಅದೇ ರಾತ್ರಿ ಹತ್ತಕ್ಕೆ ಮತ್ತೆ ಕರೆದರೆ ಅವನಿಗೆ ಸಿಕ್ಕಿದ್ದು 16 ಗಂಟೆ. ಕಾಯ್ದೆ ಬರೆದವರಿಗೆ ಇದು ಹೊಳೆದಿತ್ತು. ನಡುರಾತ್ರಿ ದಾಟುವ ಪಾಳಿಯವನಿಗೆ, ಪಾಳಿ ಮುಗಿದ ಗಳಿಗೆಯಿಂದ ಒಟ್ಟಿಗೆ 24 ಗಂಟೆಯೇ ಪೂರ್ತಿ ದಿನದ ರಜೆ ಎಂದು 57ನೆಯ ಕಲಮಿನಲ್ಲಿ ಬೇರೆಯಾಗಿ ಹೇಳಿದ್ದರು. ಗಂಟೆಯನ್ನು ಬಿಟ್ಟು ದಿನ ಹಿಡಿದರೆ ಎಂಟು ಗಂಟೆ ನಮ್ಮ ಕೈಯಾರೆ ಸೋರಿಹೋಗುತ್ತದೆ.

‘ವಾರಕ್ಕೊಮ್ಮೆ’ ಎಂಬುದೂ ಅಂಥದ್ದೇ ಜಾರುಬಂಡೆ. ಈ ವಾರದ್ದನ್ನು ಮೊದಲ ದಿನವಾದ ಭಾನುವಾರವೇ ಕೊಟ್ಟು, ಮುಂದಿನ ವಾರದ್ದನ್ನು ಕೊನೆಯ ದಿನವಾದ ಶನಿವಾರ ಕೊಟ್ಟರೂ ವಾರಕ್ಕೊಮ್ಮೆ ಕೊಟ್ಟಂತೆಯೇ ಆಯಿತು. ನಡುವೆ ದುಡಿದ ದಿನಗಳನ್ನು ಎಣಿಸಿ, ಹನ್ನೆರಡು! ಇದು ನಾನು ಕೂತು ಹೆಣೆದ ಕುತರ್ಕವಲ್ಲ. ಪೋರ್ಚುಗಲ್‌ನ ಕ್ಯಾಸಿನೊ ನೌಕರನೊಬ್ಬನ ಮೊಕದ್ದಮೆ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಗಿ, ‘ಪ್ರತಿ ಏಳು ದಿನಗಳ ಅವಧಿಗೆ’ ಎಂಬ ಅವರ ನಿರ್ದೇಶನದ ಮಾತಿನ ಅರ್ಥವೇನು ಎಂಬುದರ ಮೇಲೆ ನಿಂತಿತು. ಆರು ದಿನ ದುಡಿದ ಮರುದಿನವೇ ಬಿಡುವು ಕೊಡಬೇಕೆಂದೇನಿಲ್ಲ, ಪ್ರತಿ ಏಳು ದಿನಗಳ ಒಳಗೆ ಯಾವಾಗಲಾದರೂ ಕೊಟ್ಟರೆ ಸರಿ ಎಂದು 2017ರ ನವೆಂಬರ್‌ನಲ್ಲಿ ತೀರ್ಪಾಯಿತು. ಪದಚರ್ಚೆ ಮಾಡಿ ಏನು ಪ್ರಯೋಜನ ಎನ್ನುವ ನನ್ನ ಮನೆಯವರಿಗೆ ಈ ತೀರ್ಪನ್ನು ತೋರಿಸಿದ್ದೇನೆ.

ನಮ್ಮ ಹಳೆಯ ಕಾರ್ಖಾನೆ ಕಾಯ್ದೆ ಈ ಜಾಗದಲ್ಲಿ ಕೊಂಚ ಬಿಗಿಯಾಗಿತ್ತು. ಭಾನುವಾರ ದುಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದನ್ನು ಪೂರ್ತಿ ಬಿಡಬೇಕಿತ್ತು, ಹಾಗೆ ಅದಲುಬದಲು ಮಾಡುವಾಗ ಯಾರೂ ಒಂದೇ ಸಮನೆ ಹತ್ತು ದಿನಕ್ಕಿಂತ ಹೆಚ್ಚು ದುಡಿಯುವಂತಿರಲಿಲ್ಲ. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆ ಇದನ್ನು ಆಚೆಯ ತುದಿಯಿಂದ ಹಿಡಿಯುತ್ತದೆ: ಯಾವುದೇ ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಅಲ್ಲಿ ದುಡಿಮೆಗೆ ಗೆರೆ ಎಳೆದಿದ್ದಾರೆ. ಕನ್ನಡಕ್ಕೆ ತರುವಾಗ ಈ ನಿಷೇಧದ ಧಾಟಿಯೇ ಸಲೀಸು ಎಂದೂ ಅನ್ನಿಸುತ್ತದೆ.

ಈ ಬದಲಿ ದಿನಕ್ಕೆ ಸರ್ಕಾರಿ ಕನ್ನಡದಲ್ಲಿ ‘ಪರಿಹಾರಾತ್ಮಕ ರಜೆ’ ಎಂಬ ಅಗಿಯಲಾಗದ ಪದವೊಂದು ಓಡಾಡುತ್ತಿದೆ. ದಯವಿಟ್ಟು ಯಾರಾದರೂ ಅದನ್ನು ಹಿಡಿದು ನಿಲ್ಲಿಸಿ. ಪರಿಹಾರ ಎಂದರೆ ನಮ್ಮ ಜನಕ್ಕೆ ದುಡ್ಡು. ನೆರೆ ಬಂದರೆ ಪರಿಹಾರ, ಬಸ್ ಗುದ್ದಿದರೆ ಪರಿಹಾರ. ಭಾನುವಾರ ದುಡಿದದ್ದಕ್ಕೆ ಪರಿಹಾರ ಎಂದು ಓದಿದವರು ಪಗಾರದ ಚೀಟಿಯನ್ನು ತಿರುವಿ ನೋಡುತ್ತಾರೆ. ಕಳೆದ ಹೊತ್ತಿಗೆ ಹೊತ್ತನ್ನೇ ಮರಳಿಸಬೇಕು, ಹಣ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು, ‘ಪರಿಹಾರ’ ಅದನ್ನೇ ಮುಚ್ಚಿಹಾಕುತ್ತದೆ. ಜನರ ‘ಬದಲಿ ರಜೆ’ ನೇರವಾಗಿದೆ. ಆದರೆ ಆ ಕೋಣೆಯಲ್ಲಿ ಕೇಳಿಬಂದ ಇನ್ನೊಂದು ಸಂಗತಿ: ಆರ್ಡರ್ ಇಲ್ಲದ ಬುಧವಾರ ಕಾರ್ಖಾನೆಯವರೇ ಗೇಟು ಹಾಕಿ, ‘ಅದರ ಬದಲಿಗೆ ಭಾನುವಾರ ಬನ್ನಿ’ ಎನ್ನುವುದೂ ಉಂಟಂತೆ. ಬದಲಿ ಎರಡೂ ಕಡೆ ಓಡುವ ಗಾಡಿ. ‘ಬದಲಿ ಬಿಡುವು’ ಎಂದರೆ ಹಿಮ್ಮುಖವಾಗಿ ಓಡಿಸುವುದು ಸ್ವಲ್ಪ ಕಷ್ಟವಾದೀತೇ?

ಕೊನೆಯದಾಗಿ ಅಂಗಡಿಯ ಹಲಗೆ. ‘ವಾರದ ರಜೆ: ಮಂಗಳವಾರ’ ಎಂದು ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆದ ತಗಡುಗಳನ್ನು ನಾವೆಲ್ಲ ನೋಡಿದ್ದೇವೆ. ವಾರಕ್ಕೊಂದು ದಿನ ಅಂಗಡಿ ಮುಚ್ಚಬೇಕು, ಯಾವ ದಿನ ಎಂಬುದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬ ನಿಯಮ 1942ರ ವಾರದ ರಜೆಗಳ ಕಾಯ್ದೆಯಷ್ಟು ಹಳೆಯದು. ಆದರೆ ಅದು ಯಾರ ರಜೆ? ವಿಭಕ್ತಿ ನೋಡಿ, ‘ಅಂಗಡಿಗೆ ರಜೆ’. ಬಾಗಿಲು ಮುಚ್ಚಿದ್ದರಿಂದ ಒಳಗಿನ ಹುಡುಗನಿಗೂ ಸಿಕ್ಕಿತು. 2021ರ ಜನವರಿಯಲ್ಲಿ ನಮ್ಮ ಸರ್ಕಾರ, ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿ ಮುಂಗಟ್ಟುಗಳು ಹಗಲು ರಾತ್ರಿ, ವಾರದ ಏಳೂ ದಿನ ತೆರೆದಿರಬಹುದು, ನೌಕರರಿಗೆ ಮಾತ್ರ ಸರದಿಯ ಮೇಲೆ ವಾರಕ್ಕೊಂದು ದಿನ ಬಿಡಬೇಕು ಎಂದಿತು. ಅಂಗಡಿಯಿಂದ ರಜೆ ಕಳಚಿ ಆಳಿನ ಕೊರಳಿಗೆ ಬಿತ್ತು, ತಗಡು ಗೋಡೆಯಿಂದ ಇಳಿಯಿತು. ಆಳುಗಳು ಅದಕ್ಕೆ ಹೊಸ ಹೆಸರನ್ನೂ ಇಟ್ಟುಕೊಂಡಿದ್ದಾರೆ: ‘ವೀಕಾಫ್’. ಮಾಲ್‌ನ ಹುಡುಗರು, ಪೊಲೀಸರು, ಆಸ್ಪತ್ರೆಯ ನರ್ಸುಗಳು ಎಲ್ಲರ ಬಾಯಲ್ಲೂ ಅದೇ. ಎಲ್ಲರೂ ಬಲ್ಲ ಪದ ಎಂಬ ಅಳತೆಗೋಲು ಹಿಡಿದರೆ ಗೆಲ್ಲುವುದು ವೀಕಾಫೇ, ಇದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಮಷೀನೂ ಆಫ್, ಮನುಷ್ಯರೂ ಆಫ್ ಎಂಬ ಕಸಿವಿಸಿ ನನ್ನದು ಮಾತ್ರ ಇರಬಹುದು.

ಸದ್ಯ ನಾಲ್ಕನೆಯ ಪುಟದಲ್ಲಿ ಹೀಗಿದೆ:

‘ವಾರದ ಬಿಡುವು: ಏಳು ದಿನಗಳ ಪ್ರತಿಯೊಂದು ಅವಧಿಯಲ್ಲಿ ನಿಮಗೆ ಒಟ್ಟಿಗೆ 24 ಗಂಟೆಗಳಿಗೆ ಕಡಿಮೆಯಿಲ್ಲದ ಬಿಡುವು ಇರಬೇಕು, ನಡುವೆ ಕೆಲಸಕ್ಕೆ ಕರೆಯಬಾರದು. ಇದು ನೀವು ಅರ್ಜಿ ಹಾಕಿ ಪಡೆಯುವ ರಜೆಯಲ್ಲ.’

ಈ ಎರಡನೆಯ ಕರಡನ್ನೂ ಅದೇ ಕೋಣೆಯಲ್ಲಿ ಓದಿದೆ. ಯಾರೂ ನಗಲಿಲ್ಲ. ಪಾಪದ ಮಾತೆತ್ತಿದ್ದವಳು, “ನಡುವೆ ಕರೆಯಬಾರದು ಎಂದರೆ ಸೂಪರ್‌ವೈಸರ್ ಫೋನ್ ಮಾಡಿದರೂ ಎತ್ತಬೇಕಾಗಿಲ್ಲವೇ?” ಎಂದು ಕೇಳಿದಳು. ‘ಕರೆ’ ಎಂಬ ಮಾತು ಈಗ ಮೊದಲು ಫೋನನ್ನೇ ನೆನಪಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ‘ಕರೆಸಬಾರದು’ ಎಂದು ತಿದ್ದಲೇ, ಇಲ್ಲವೇ ಅವಳ ಅರ್ಥವೂ ಇರಲಿ ಎಂದು ಹಾಗೆಯೇ ಬಿಡಲೇ?

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಸೀಮೆಯಲ್ಲಿ ಬಿಡುವು ಎಂದರೆ ಕೆಲಸವಿಲ್ಲದೆ ಸುಮ್ಮನೆ ಕೂತಿರುವುದು ಎಂಬ ಹಗುರ ಧ್ವನಿ ಇದೆಯೇ? ಇದ್ದರೆ ತಲೆಬರಹದಲ್ಲಿ ರಜೆಯನ್ನೇ ಇಟ್ಟು ಬಿಡುವನ್ನು ವಿವರಣೆಗೆ ಇಳಿಸುತ್ತೇನೆ. ಬೀದರ, ಬಳ್ಳಾರಿ, ಕರಾವಳಿಯ ಕಡೆ ಗಿರಣಿ, ಹೆಂಚಿನ ಕಾರ್ಖಾನೆ, ಗಣಿಗಳ ಹಳೆಯ ಕೆಲಸಗಾರರು ಇದಕ್ಕೆ ಬೇರೆ ಯಾವುದಾದರೂ ಮಾತು ಬಳಸುತ್ತಿದ್ದರೆ ಬರೆದು ತಿಳಿಸಿ, ಅಪಭ್ರಂಶವಾದರೂ ಸರಿ. ಹಾಳೆ ಅಚ್ಚಿಗೆ ಹೋಗುವುದು ಬರುವ ಬುಧವಾರ. ಭಾನುವಾರ ಮುದ್ರಣಾಲಯಕ್ಕೆ ರಜೆ, ಆದ್ದರಿಂದ ಸೋಮವಾರ ಸಂಜೆಯೊಳಗೆ ಬಂದ ಉತ್ತರಗಳನ್ನೆಲ್ಲ ನೋಡಿಕೊಂಡು ತಿದ್ದಬಲ್ಲೆ.